ಸೆಕೆ ಎಂಬ ಮಾತು

ಚೈತ್ರವು ಕಳೆದು ವೈಶಾಖವು ಕಾಲಿಟ್ಟಿತೆಂದರೆ ಕನ್ನಡನಾಡಿನ ಮನೆಮನೆಗಳಲ್ಲಿಯೂ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತೊಂದುಂಟು. ಮಧ್ಯಾಹ್ನದ ಊಟವನ್ನು ಮುಗಿಸಿ ಜಗಲಿಗೆ ಬಂದ ಯಜಮಾನನು ಉತ್ತರೀಯದಿಂದ ಕತ್ತನ್ನೊರಸಿಕೊಳ್ಳುತ್ತ ಅದನ್ನೇ ಹೇಳುವನು; ಒಲೆಯ ಮುಂದಿನಿಂದೆದ್ದು ಬಂದ ಗೃಹಿಣಿಯು ಸೆರಗಿನಿಂದ ಗಾಳಿಹಾಕಿಕೊಳ್ಳುತ್ತ ಅದನ್ನೇ ಹೇಳುವಳು; ತೊಟ್ಟಿಲಲ್ಲಿ ನಿದ್ದೆಗೆಟ್ಟು ಅಳುವ ಕೂಸಿನ ಪರವಾಗಿ ಅಜ್ಜಿಯು ಹೇಳುವುದೂ ಅದನ್ನೇ. ಆ ಮಾತು ‘ಸೆಕೆ’. ಮಂಗಳೂರಿನಲ್ಲಿ ಅದು ಸೆಕೆ, ಕುಂದಾಪುರದ ಕಡೆ ಸೆಕಿ, ಮೈಸೂರಿನಲ್ಲಿ ಸೆಕೆಯೂ ಉಂಟು ಶೆಕೆಯೂ ಉಂಟು, ಧಾರವಾಡದಲ್ಲಿ ಶಕಿ. ನಾಲಗೆಯ ಮೇಲೆ ಇಷ್ಟು ವ್ಯಾಪಕವಾಗಿರುವ ಈ ಮಾತಿಗೆ ಶಿಷ್ಟಗ್ರಂಥಗಳಲ್ಲಿ ಮಾತ್ರ ಸುಲಭವಾಗಿ ಸ್ಥಳ ದೊರೆಯುವುದಿಲ್ಲ. ‘ಬೇಸಗೆಯ ಕಾಲ’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯುವ ಬಾಲಕನು ‘ರಾತ್ರಿ ಸೆಕೆಯಿಂದ ನಿದ್ದೆ ಬರಲಿಲ್ಲ’ ಎಂದು ಬರೆದನೆಂದರೆ ಆ ಶಬ್ದದ ಕೆಳಗೆ ಕೆಂಪು ಗೆರೆಯು ಬಿದ್ದು, ಪಕ್ಕದಲ್ಲಿ ‘ಉಷ್ಣ’ವೆಂದೋ ‘ತಾಪ’ವೆಂದೋ ತಿದ್ದುಪಡಿಯಾಗುವುದು ಪಾಠಶಾಲೆಗಳ ಹಳೆಯ ವಾಡಿಕೆ.

ಈ ತಿದ್ದುಪಡಿಯಿಂದ ಗ್ರಾಮ್ಯಪದವೊಂದು ಹೋಗಿ ಶಿಷ್ಟಪದವೊಂದು ಬಂದಿತೆಂದು ತಿದ್ದಿದವರ ಎಣಿಕೆ. ವಿಚಾರಿಸಿ ನೋಡಿದರೆ ಅಲ್ಲಿ ಹೋದುದು ಪದವಷ್ಟೇ ಅಲ್ಲ, ಬಾಲಕನು ಹೇಳಹೊರಟ ಸಂಗತಿಯೇ ಹೋಗಿ ಬೇರೊಂದು ಸಂಗತಿ ಬಂದು ಕುಳಿತಿರುತ್ತದೆ. ‘ಉಷ್ಣವಾಗಿದೆ’ ಎಂದು ಆ ಬಾಲಕನು ಮನೆಗೆ ಹೋಗಿ ತಾಯಿಯೊಡನೆ ಹೇಳಲಿ. ಆಕೆ ಬೀಸಣಿಗೆಯನ್ನು ತರುವುದಿಲ್ಲ, ಜೀರಿಗೆಯ ಕಷಾಯವನ್ನೋ ನೆನೆಸಿದ ಮೆಂತ್ಯವನ್ನೋ ತರುವಳು. ಏಕೆಂದರೆ ಕನ್ನಡದ ಮನೆಗಳಲ್ಲಿ ‘ಉಷ್ಣ’ವೆಂಬುದು ಹವೆಯ ಗುಣವಲ್ಲ, ಶರೀರದ ಮತ್ತು ಆಹಾರದ ಗುಣ. ಮಾವಿನಹಣ್ಣು ಉಷ್ಣ, ಮಜ್ಜಿಗೆ ತಂಪು. ಮಾಘಮಾಸದ ಚಳಿಯಲ್ಲಿಯೂ ಉಷ್ಣವಾಗಬಹುದು. ಇನ್ನು ‘ತಾಪ’ವೆಂದರೆ ಜ್ವರದ್ದು, ಅಥವಾ ಮನಸ್ಸಿನದು. ಆದುದರಿಂದ ಸೆಕೆಗೆ ಬದಲಾಗಿ ಇಡತಕ್ಕ ಪದವನ್ನು ಹುಡುಕುವುದಕ್ಕೆ ಮುಂಚೆ ಸೆಕೆಯೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

ಕನ್ನಡದಲ್ಲಿ ಬಿಸಿಯನ್ನು ಕುರಿತ ದೇಶ್ಯಶಬ್ದಗಳಿಗೆ ಬಡತನವಿಲ್ಲ. ಬೇ ಎಂಬ ಧಾತುವಿನಿಂದ ಬೇಯು, ಬೇಗೆ, ಬೇಸಗೆ ಮೊದಲಾದುವು ಹೊರಟಿವೆ. ಕಾಯ್ ಎಂಬುದರಿಂದ ಕಾಯು, ಕಾಯಿಸು, ಕಾವು. ಬಿಸಿ, ಬಿಸಿಲು, ಬೆಚ್ಚಗೆ ಎಂಬುವು ಮತ್ತೊಂದು ಕುಟುಂಬ. ಝಳ, ಧಗೆ, ಉರಿ ಬೇರೆ ಇವೆ. ಇವುಗಳಲ್ಲಿ ಒಂದರ ಕೆಲಸವನ್ನು ಮತ್ತೊಂದು ಮಾಡುವುದಿಲ್ಲ. ನಡುಹಗಲಲ್ಲಿ ಬಾಗಿಲು ತೆರೆದೊಡನೆ ಮುಖಕ್ಕೆ ಹೊಡೆಯುವುದು ಝಳ. ಹಗಲೆಲ್ಲ ಕಾದ ನೆಲವೂ ಗೋಡೆಯೂ ಸಂಜೆಗೆ ಉಗುಳುವುದು ಧಗೆ. ಕೋಳಿಯು ಮೊಟ್ಟೆಗೆ ಕೊಡುವುದು, ಬೂದಿ ಮುಚ್ಚಿದ ಕೆಂಡದಲ್ಲಿ ಉಳಿದಿರುವುದು ಕಾವು. ಗಾಯಕ್ಕೆ ಉಪ್ಪು ಬಿದ್ದರೆ, ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಮರೆತು ಕಣ್ಣಿಗೆ ಮುಟ್ಟಿಸಿದರೆ ಆಗುವುದು ಉರಿ. ಬೇಗೆಯು ಹೊರಗೂ ಇರಬಹುದು, ಒಳಗೂ ಇರಬಹುದು. ಕವಿಗಳಿಗೆ ಅದು ಬಹು ಪ್ರಿಯವಾದುದು ಇದೇ ಕಾರಣದಿಂದ. ವಿರಹದ ಬೇಗೆಯೆಂದು ಹೇಳಬಹುದು, ವಿರಹತಾಪವೆಂದು ಹೇಳಬಹುದು. ‘ವಿರಹದ ಸೆಕೆ’ ಎಂದು ಯಾರಾದರೂ ಬರೆದರೆ ಓದುಗರು ನಗುವರು.

ನಗುವುದೇಕೆಂದು ಕೇಳಿದರೆ ಶಬ್ದದ ಸ್ವಭಾವವು ತಿಳಿಯುತ್ತದೆ. ಸೆಕೆಯು ರೂಪಕಕ್ಕೆ ಒಗ್ಗದ ಶಬ್ದ. ಅದು ಚರ್ಮದ ಅನುಭವವನ್ನು ಬಿಟ್ಟು ಅತ್ತಿತ್ತ ಅಲುಗುವುದಿಲ್ಲ. ಪ್ರಯೋಗವನ್ನು ನೋಡಬೇಕು. ಬಿಸಿಲು ಬೀಳುವುದು, ಏರುವುದು, ಕಾಯುವುದು, ಇಳಿಯುವುದು. ಅದು ತಾನೇ ಕರ್ತೃವಾಗಿ ಹೊರಗಿನ ಪ್ರಪಂಚದಲ್ಲಿ ವ್ಯವಹರಿಸುತ್ತದೆ. ಸೆಕೆಗೆ ಮಾತ್ರ ಚತುರ್ಥೀವಿಭಕ್ತಿ ಬೇಕು: ‘ನನಗೆ ಸೆಕೆಯಾಗುತ್ತದೆ’, ‘ಮಗುವಿಗೆ ಸೆಕೆಯಾಗಿದೆ’. ಹಸಿವು, ಬಾಯಾರಿಕೆ, ನಿದ್ದೆ, ಚಳಿ ಇವುಗಳ ಪಂಕ್ತಿಯಲ್ಲಿ ಅದು ಕೂಡುವುದು. ಕಲ್ಲಿಗೆ ಬಿಸಿಲು ಬೀಳಬಹುದು, ಕಲ್ಲು ಕಾಯಬಹುದು, ಕಲ್ಲಿಗೆ ಸೆಕೆಯಾಗದು. ಕೊಟ್ಟಿಗೆಯ ಎಮ್ಮೆಗೆ ಆಗುವುದು. ನೆರಳಿಗೆ ಹೋದರೆ ಬಿಸಿಲು ತಪ್ಪುತ್ತದೆ, ಸೆಕೆ ತಪ್ಪುವುದಿಲ್ಲ. ರಾತ್ರಿ ಬಿಸಿಲಿರುವುದಿಲ್ಲ, ಸೆಕೆ ಇರುತ್ತದೆ. ಮೋಡ ಮುಚ್ಚಿದ ಹಗಲು ಬಿಸಿಲು ಕಡಮೆ, ಸೆಕೆ ಹೆಚ್ಚು. ಹಪ್ಪಳ ಸಂಡಿಗೆಗಳನ್ನು ಮಾಡುವ ಹೆಂಗಸರಿಗೆ ಈ ಭೇದವನ್ನು ಯಾವ ಕೋಶವೂ ಕಲಿಸಬೇಕಾಗಿಲ್ಲ. ಹಪ್ಪಳವು ಬಿಸಿಲಿಗೆ ಒಣಗುತ್ತದೆ. ಸೆಕೆ ಹೆಚ್ಚಿದ ದಿನ ಒಣಗಿದ ಹಪ್ಪಳವೂ ಮೆತ್ತಗಾಗುತ್ತದೆ.

ಈ ಹಪ್ಪಳದ ಸಾಕ್ಷ್ಯವು ಬಲವಾದುದು. ಸೆಕೆಯೆಂದರೆ ಬರಿಯ ಬಿಸಿಯಲ್ಲ, ನೀರಿನ ಆವಿ ತುಂಬಿದ ಹವೆಯ ಬಿಸಿ. ಅದರ ಮೇಲೆ ಗಾಳಿಯ ಚಲನೆ ಇಲ್ಲದಿರುವುದು. ಅದರಿಂದ ಹರಿದ ಬೆವರು ಆರದೆ ಮೈಗಂಟಿಕೊಂಡು ನಿಲ್ಲುವುದು. ಮೂರೂ ಸೇರಿದಲ್ಲಿ ಸೆಕೆಯೆಂಬ ಹೆಸರು ಮುಖ್ಯಾರ್ಥದಲ್ಲಿ ಸಲ್ಲುತ್ತದೆ. ಬಯಲುಸೀಮೆಯ ಕೆಲವು ಕಡೆ ಇದಕ್ಕೆ ‘ಉಬ್ಬೆ’ ಎಂಬ ಮಾತನ್ನೂ ಬಳಸುವುದುಂಟು. ಉಬ್ಬೆಯೆಂದರೆ ಮಡಿವಾಳರು ಬಟ್ಟೆಯ ಕೊಳೆ ಬಿಡಿಸುವುದಕ್ಕಾಗಿ ಭಾಂಡದ ಮೇಲೆ ಒದ್ದೆ ಅರಿವೆಗಳನ್ನೊಟ್ಟಿ ಹಬೆಯಲ್ಲಿ ಬೇಯಿಸುವ ಕ್ರಮ. ಗಾಳಿಯಾಡದ ಸಂಜೆಯಲ್ಲಿ ಉಬ್ಬೆಗೆ ಹಾಕಿದಂತಾಯಿತೆಂದು ಹೇಳಿದವನು ತನ್ನನ್ನು ಆ ಒದ್ದೆ ಅರಿವೆಗೆ ಹೋಲಿಸಿಕೊಂಡನು. ಉಪಮೆಯು ಎಷ್ಟು ಯಥಾರ್ಥವೆಂಬುದನ್ನು ಕರಾವಳಿಯ ವೈಶಾಖವನ್ನು ಕಂಡವರು ಬಲ್ಲರು.

ಕರಾವಳಿಯ ಮಾತು ಬಂದುದರಿಂದ ಇಲ್ಲಿ ಭೂಗೋಳವನ್ನೂ ಸ್ವಲ್ಪ ಹೇಳಬೇಕು. ರಾಯಚೂರು, ಕಲಬುರ್ಗಿ, ಬಳ್ಳಾರಿಗಳಲ್ಲಿ ಬೇಸಗೆಯ ಹಗಲು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಹೊಸ ಸಂಗತಿಯಲ್ಲ. ಮಂಗಳೂರು ಉಡುಪಿಗಳಲ್ಲಿ ಸಾಮಾನ್ಯವಾಗಿ ಅಷ್ಟಕ್ಕೆ ಏರುವುದಿಲ್ಲ. 34, 35 ಡಿಗ್ರಿಗಳ ಸುತ್ತ ನಿಲ್ಲುತ್ತದೆ. ಆದರೂ ರಾಯಚೂರಿನವನು ಏಪ್ರಿಲಿನಲ್ಲಿ ಮಂಗಳೂರಿಗೆ ಬಂದರೆ ಮೊದಲನೆಯ ರಾತ್ರಿಯೇ ಕಂಗಾಲಾಗುವನು. ಅವನ ಊರಿನಲ್ಲಿ ಮಣ್ಣಿನ ಹೂಜಿಯು ನೀರನ್ನು ಚೆನ್ನಾಗಿ ತಣಿಸುತ್ತದೆ, ನೀರು ಚಿಮುಕಿಸಿದ ಲಾವಂಚದ ತಟ್ಟಿಯು ಕೋಣೆಯನ್ನು ಕ್ಷಣಾರ್ಧದಲ್ಲಿ ತಂಪುಗೊಳಿಸುತ್ತದೆ. ಇಲ್ಲಿ ಎರಡೂ ಅಷ್ಟಾಗಿ ಕೈಗೂಡುವುದಿಲ್ಲ. ಹೂಜಿಯ ಮೈಯಿಂದ ನೀರು ಆರುವಾಗ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುವುದು; ಹವೆಯಲ್ಲಿಯೇ ನೀರು ತುಂಬಿದ್ದರೆ ಆರುವುದೆಲ್ಲಿಗೆ? ಮನುಷ್ಯನ ಮೈಯೂ ಒಂದು ಹೂಜಿಯೇ. ಬಯಲುನಾಡಿನವನು ಬಿಸಿಲಿಗೆ ಹೆದರಿ ನೆರಳನ್ನು ಹುಡುಕುತ್ತಾನೆ, ಕರಾವಳಿಯವನು ಸೆಕೆಗೆ ಹೆದರಿ ಗಾಳಿಯನ್ನು ಹುಡುಕುತ್ತಾನೆ. ಘಟ್ಟದ ಕೆಳಗೆ ಋತುವಿಗೇ ‘ಸೆಕೆಗಾಲ’ವೆಂಬ ಹೆಸರು ಸಲ್ಲುತ್ತದೆ, ಬೆವರುಸಾಲೆಯನ್ನು ‘ಸೆಕೆಬೊಕ್ಕೆ’ ಎನ್ನುವುದೂ ಅಲ್ಲಿಯೇ. ತುಳುವಿನಲ್ಲಿಯೂ ಶಬ್ದವು ಸೆಕೆಯೇ. ಘಟ್ಟದ ಮೇಲೆ, ವಿಶೇಷವಾಗಿ ಬೆಂಗಳೂರು ಮೈಸೂರುಗಳಲ್ಲಿ, ಒಣಬಿಸಿಗೂ ಈ ಹೆಸರನ್ನು ಎಳೆದು ಹೇಳುವರು. ಅದು ಲಕ್ಷಣಾವೃತ್ತಿಯೆಂದು ತಿಳಿದರೆ ಸಾಕು.

ಸಂಸ್ಕೃತವನ್ನು ಓದಿದವರಿಗೆ ಇಲ್ಲೊಂದು ಸಂದೇಹವು ಹುಟ್ಟುವುದು ಸಹಜ. ಅಷ್ಟು ವಿಶಾಲವಾದ ಕೋಶಸಂಪತ್ತಿಯುಳ್ಳ ಭಾಷೆಯಲ್ಲಿ ಸೆಕೆಗೆ ಸರಿಯಾದ ಪದವಿಲ್ಲವೆ? ಅಮರಸಿಂಹನು ಗ್ರೀಷ್ಮಋತುವಿಗೆ ಊಷ್ಮಕ, ನಿದಾಘ, ತಪ ಮೊದಲಾದ ಪರ್ಯಾಯಗಳನ್ನು ಕೊಟ್ಟಿದ್ದಾನೆ. ನಿದಾಘವು ದಹಧಾತುವಿನಿಂದ ಬಂದುದು, ಸುಡುವುದೆಂದರ್ಥ. ತಪವು ತಪಿಸುವುದು, ಆತಪವು ಬಿಸಿಲು. ಎಲ್ಲದರ ಹಿಂದೆಯೂ ಸೂರ್ಯನೋ ಅಗ್ನಿಯೋ ಇದ್ದಾನೆ. ಋತುಸಂಹಾರವು ಗ್ರೀಷ್ಮದಿಂದಲೇ ಆರಂಭವಾಗುತ್ತದೆ; ಅಲ್ಲಿಯದು ಬತ್ತಿದ ಕೆರೆ, ಕಾಳ್ಗಿಚ್ಚು, ಸುಡುವ ಧೂಳುಗಳ ಗ್ರೀಷ್ಮ, ಮಧ್ಯದೇಶದ ಒಣಬೇಸಗೆ. ಶಾಕುಂತಲದ ಮೂರನೆಯ ಅಂಕದ ವಿಷ್ಕಂಭಕದಲ್ಲಿ ಪ್ರಿಯಂವದೆಯು ಲಾವಂಚದ ಲೇಪವನ್ನೂ ತಾವರೆಯೆಲೆಗಳನ್ನೂ ಕೊಂಡೊಯ್ಯುತ್ತಾಳೆ. ಯಾರಿಗೆಂದು ಕೇಳಿದುದಕ್ಕೆ ಶಕುಂತಲೆಗೆ ‘ಆತಪಲಂಘನ’ದಿಂದ ಅಸ್ವಸ್ಥತೆಯೆಂದು ಉತ್ತರ ಬರುವುದು. ವ್ಯಾಧಿಯು ಬೇರೆಯೆಂಬುದು ಪ್ರೇಕ್ಷಕರಿಗೆ ಗೊತ್ತು, ಆ ಮಾತು ಬೇರೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಬೇಸಗೆಯಲ್ಲಿ ಮೈಗೆಟ್ಟರೆ ಕಾರಣವು ಬಿಸಿಲಿನಲ್ಲಿ ನಡೆದುದೇ ಇರಬೇಕೆಂದು ಆ ಭಾಷೆಯು ಮೊದಲೇ ತೀರ್ಮಾನಿಸಿಕೊಂಡಿದೆ. ನೆರಳಿನಲ್ಲಿ ಕುಳಿತವಳಿಗೂ ಬೇಸಗೆಯು ತಗಲಬಹುದೆಂಬುದಕ್ಕೆ ಅಲ್ಲಿ ಆಸ್ಪದವಿಲ್ಲ.

ಘರ್ಮಶಬ್ದದ ಪ್ರಯಾಣವು ಇನ್ನೂ ಸ್ವಾರಸ್ಯವುಳ್ಳದ್ದು. ವೇದದಲ್ಲಿ ಅದು ಕಾಯಿಸಿದ ಹಾಲಿನ ಆಹುತಿ, ಪ್ರವರ್ಗ್ಯದ ಕಾದ ಪಾತ್ರೆ. ಗ್ರೀಕ್ ಭಾಷೆಯ ‘ಥೆರ್ಮೋಸ್’ ಅದರ ದೂರದ ಬಂಧು. ಉಷ್ಣಮಾಪಕದ ಪಾಶ್ಚಾತ್ಯನಾಮದಲ್ಲಿ ಆ ಬಂಧುವೇ ಕುಳಿತಿದ್ದಾನೆ. ಪಾರಸಿಯ ‘ಗರ್ಮ್’ ಹತ್ತಿರದ ದಾಯಾದಿ. ದಖ್ಖನಿಯವರು ಹೇಳುವ ‘ಗರ್ಮಿ’ ಅಲ್ಲಿಂದ ಬಂದುದು. ಹಿಂದಿಯಲ್ಲಿ ‘ಘಾಮ್’ ಎಂದರೆ ಬಿಸಿಲು, ಮರಾಠಿಯಲ್ಲಿ ಅದೇ ‘ಘಾಮ’ವು ಬೆವರು. ಹೀಗೆ ಯಜ್ಞಶಾಲೆಯಲ್ಲಿದ್ದ ಶಬ್ದವು ದಕ್ಷಿಣಕ್ಕೆ ಬರಬರುತ್ತ ಬೆವರಿನವರೆಗೆ ಇಳಿದಿದೆ, ಸೆಕೆಯವರೆಗೆ ಬರಲಿಲ್ಲ.

ಸೆಕೆಗೆ ತೀರ ಸಮೀಪದ ಸಂಸ್ಕೃತಶಬ್ದವೆಂದರೆ ‘ಊಷ್ಮ’. ಅದರಲ್ಲಿ ಬಿಸಿಯೂ ಉಂಟು, ಆವಿಯೂ ಉಂಟು. ಹಿಂದಿಯಲ್ಲಿ ಮಳೆಗಾಲದ ಇಕ್ಕಟ್ಟಿನ ಬಿಸಿಗೆ ಹೇಳುವ ‘ಉಮಸ್’ ಎಂಬುದು ಇದರಿಂದಲೇ ಬಂದುದು. ಅದೇ ಸೆಕೆಯ ನಿಜವಾದ ಪರ್ಯಾಯ. ವ್ಯಾಕರಣವನ್ನು ಬಲ್ಲವರಿಗೆ ಇನ್ನೊಂದು ವಿನೋದವೂ ಇಲ್ಲಿ ದೊರೆಯುತ್ತದೆ. ಶ ಷ ಸ ಹ ಎಂಬ ವರ್ಣಗಳಿಗೆ ಶಿಕ್ಷಾಕಾರರು ಕೊಟ್ಟ ಹೆಸರು ಊಷ್ಮವೆಂದೇ, ಬಾಯಿಂದ ಬಿಸಿಯುಸಿರು ಹೊರಡುವುದರಿಂದ. ‘ಸೆಕೆ’ಯ ಆದ್ಯಕ್ಷರವು ಅವುಗಳಲ್ಲೊಂದು. ಇದರಿಂದ ಏನೂ ಸಿದ್ಧವಾಗುವುದಿಲ್ಲವೆಂಬುದು ನಿಜ. ಆದರೂ ‘ಸ್ಸ್’ ಎಂದು ಉಸಿರುಬಿಡದೆ ಸೆಕೆಯನ್ನು ದೂರುವವರು ಅಪರೂಪ.

ನೆರೆಹೊರೆಯ ದ್ರಾವಿಡಭಾಷೆಗಳು ಈ ಅನುಭವವನ್ನು ಒಂದೊಂದು ಬಗೆಯಾಗಿ ಹೆಸರಿಸಿವೆ. ತಮಿಳರೂ ಮಲೆಯಾಳಿಗಳೂ ‘ಪುೞುಕ್ಕಂ’ ಎನ್ನುವರು. ಪುೞುಂಗು ಎಂದರೆ ಆವಿಯಲ್ಲಿ ಬೇಯುವುದು. ತಮಿಳರ ಕುಸುಬಲಕ್ಕಿಗೆ ಪುೞುಂಗಲರಿಸಿ ಎಂಬ ಹೆಸರು ಇದರಿಂದ. ಕನ್ನಡದಲ್ಲಿ ಈ ಧಾತುವು ಹವೆಯ ಕಡೆಗೆ ಹೋಗದೆ ಅಡಿಗೆಯ ಮನೆಯಲ್ಲಿಯೇ ಉಳಿಯಿತು: ಹಳಗನ್ನಡದ ಪುೞ್ಗಿ, ನಡುವೆ ಪುಗ್ಗಿ, ಈಗಿನ ಹುಗ್ಗಿ, ಇವು ಅದೇ ಬಳಗದವೆಂದು ದ್ರಾವಿಡಶಬ್ದಗಳನ್ನು ಹೋಲಿಸಿದ ವಿದ್ವಾಂಸರು ಎಣಿಸುವರು. ತಮಿಳನು ಯಾವುದರಿಂದ ಬೆವರುವನೋ ಅದನ್ನು ಕನ್ನಡಿಗನು ಸಂಕ್ರಾಂತಿಯ ದಿನ ತುಪ್ಪ ಹಾಕಿಕೊಂಡು ಉಣ್ಣುವನು! ಮಲೆಯಾಳದಲ್ಲಿ ‘ಉಷ್ಣಂ’ ಎಂಬುದೂ ಹವೆಯ ಸೆಕೆಗೆ ಸಲ್ಲುತ್ತದೆ. ಪಾಠಶಾಲೆಯ ಆ ಕೆಂಪುಗೆರೆಯು ಕಾಸರಗೋಡಿನಿಂದ ದಕ್ಷಿಣಕ್ಕೆ ಬಿದ್ದಿದ್ದರೆ ಸರಿಯಾಗುತ್ತಿತ್ತೋ ಏನೋ. ತೆಲುಗಿನಲ್ಲಿ ಸೆಕೆಗೆ ‘ಉಕ್ಕ’ ಎಂದು ಹೆಸರು. ಸೆಕೆಯ ಒಡಹುಟ್ಟಾದ ‘ಸೆಗ’ ಎಂಬ ಶಬ್ದವೂ ಅಲ್ಲುಂಟು. ಆದರೆ ಅದು ಬೆಂಕಿಯ ಉರಿಗೆ, ಒಲೆಯ ಕಾವಿಗೆ ಸಲ್ಲುವ ಮಾತು, ಹವೆಗೆ ಸಲ್ಲುವುದಲ್ಲ.

ತೆಲುಗಿನ ಸೆಗವನ್ನು ಕನ್ನಡದ ಸೆಕೆಯ ಪಕ್ಕದಲ್ಲಿಟ್ಟು ನೋಡಿದರೆ ಶಬ್ದದ ಚರಿತ್ರೆಯ ಒಂದು ಹೆಜ್ಜೆ ಕಾಣುತ್ತದೆ. ಮೊದಲು ಬೆಂಕಿಯ ಕಾವಿಗೆ ಇದ್ದ ಮಾತು ಕನ್ನಡ ತುಳುಗಳಲ್ಲಿ ಹವೆಗೆ ತಿರುಗಿದೆ. ಆ ಮೂಲದ ಮಾತು ಎಲ್ಲಿಯದೆಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವುಂಟು. ಕೆಲವರು ಸಂಸ್ಕೃತದ ‘ಸೇಕ’ವನ್ನು ತರುವರು. ಸೇಕವೆಂದರೆ ಸಿಂಚನ, ನೀರೆರೆಯುವುದು. ಚರಕಸಂಹಿತೆಯಲ್ಲಿ ಹೇಳಿದ 13 ಬಗೆಯ ಸ್ವೇದಗಳಲ್ಲಿ ಪರಿಷೇಕವೆಂಬುದೂ ಒಂದು. ಬಿಸಿಯಾದ ಕಷಾಯಾದಿಗಳನ್ನು ಮೈಮೇಲೆ ಎರೆದು ಬೆವರಿಸುವುದು ಅದರ ಕ್ರಮ. ಅಲ್ಲಿಂದ ಬಿಸಿಯೊತ್ತಡದ ಅರ್ಥವು ಬಂದು, ಹಿಂದಿಯ ‘ಸೇಂಕನಾ’, ಮರಾಠಿಯ ‘ಶೇಕಣೇ’ ಎಂಬ ಕ್ರಿಯಾಪದಗಳು ಹುಟ್ಟಿದುವೆಂದೂ ಸೆಕೆಯು ಅವುಗಳ ತಂಗಿಯೆಂದೂ ಅವರ ವಾದ. ಇತರರು ತೆಲುಗು ಕನ್ನಡ ತುಳು ಮೂರರಲ್ಲಿಯೂ ಶಬ್ದವು ಹ್ರಸ್ವಸ್ವರದೊಡನೆ ಬೇರೂರಿರುವುದರಿಂದ ದೇಶ್ಯವೆಂದೇ ಹೇಳುವರು. ಎರಡನೆಯ ಪಕ್ಷವೇ ಹೆಚ್ಚು ಸ್ವಾಭಾವಿಕವಾಗಿ ಕಾಣುತ್ತದೆ. ನೀರೆರೆಯುವುದರಿಂದ ಬೆವರಿಳಿಯುವವರೆಗೆ ಬರುವ ದಾರಿ ಬಹಳ ಸುತ್ತಿನದು. ಆದರೆ ವ್ಯುತ್ಪತ್ತಿಯು ಹೇಗಾದರೂ ಇರಲಿ, ಗಾಳಿಯಿಲ್ಲದ ಹವೆಯಲ್ಲಿ ಮೈ ಬೇಯುವುದೆಂಬ ಅರ್ಥವು ಹುಟ್ಟಿದುದು ತೆಂಕಣ ಕರಾವಳಿಯ ಸುತ್ತಿನಲ್ಲಿಯೇ. ಶಬ್ದವನ್ನು ಸಾಲವಾಗಿ ತರಬಹುದು, ಅಂಥ ಮೇ ತಿಂಗಳನ್ನು ಸಾಲ ತರಲಾಗುವುದಿಲ್ಲ.

ಇನ್ನು ಈ ಶಬ್ದಕ್ಕೆ ಲೇಖಕರ ಕೈಯಲ್ಲಿ ಒದಗಿದ ಗತಿಯನ್ನು ನೋಡಬೇಕು. ‘ಸೆಕೆ’ ಎಂದು ಬರೆಯಲು ಸಂಕೋಚಪಟ್ಟವರು ಮೊದಲು ‘ಸೆಖೆ’ ಎಂದು ಒಂದು ಮಹಾಪ್ರಾಣವನ್ನು ಸೇರಿಸಿದರು. ಅದೂ ಸಾಲದೆ ‘ಶೆಖೆ’, ‘ಶಖೆ’ ಎಂದಾಯಿತು. ಕ್ರಿ. ಶ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಕನ್ನಡಕ್ಕೆ ‘ಶುದ್ಧಗೆ’ 47 ಅಕ್ಷರಗಳೆಂದು ಎಣಿಸಿದಾಗ ಶಕಾರ ಷಕಾರಗಳನ್ನು ಹೊರಗಿಟ್ಟನು. ಸಂಸ್ಕೃತದ ಶಕಾರವು ತದ್ಭವದಲ್ಲಿ ಸಕಾರವಾಗುವುದೆಂದೂ ತೋರಿಸಿದನು. ಶಶಿಯು ಸಸಿಯಾಗುವುದು, ಶಂಕೆಯು ಸಂಕೆಯಾಗುವುದು. ಈ ನಿಯಮವನ್ನು ತಿಳಿದವರು ಅದನ್ನು ತಿರುಗಿಸಿ ಪ್ರಯೋಗಿಸಿದುದೇ ಅನರ್ಥಕ್ಕೆ ಮೂಲ. ಕನ್ನಡದಲ್ಲಿ ಸಕಾರವಿದ್ದರೆ ಮೂಲದಲ್ಲಿ ಶಕಾರವಿದ್ದಿರಬೇಕು, ಅಲ್ಪಪ್ರಾಣವಿದ್ದರೆ ಮಹಾಪ್ರಾಣವಿದ್ದಿರಬೇಕು ಎಂದು ಊಹಿಸಿ, ಇಲ್ಲದ ಮೂಲವನ್ನು ಅವರು ಉದ್ಧರಿಸಿದರು. ಇದಕ್ಕೆ ಊರೂರಿಗೂ ಗೊತ್ತಿರುವ ನಿದರ್ಶನವುಂಟು. ಶಾಸನಗಳಲ್ಲಿ ಊರ ಲೆಕ್ಕ ಬರೆಯುವವನು ‘ಸೇನಬೋವ’. ಅವನೇ ಮುಂದೆ ಸಾನುಭೋಗನಾಗಿ, ಶ್ಯಾನುಭೋಗನಾಗಿ, ಕೊನೆಗೆ ಶಾನುಭೋಗನಾದನು. ಬೋವನೊಳಗೆ ಭೋಗವನ್ನು ಕಂಡ ಲೇಖನಿಯೇ ಸೆಕೆಯೊಳಗೆ ಶಿಖೆಯನ್ನೋ ಶಿಖಿಯನ್ನೋ ಕಂಡಿತು. ಶಾನುಭೋಗರಾದರೂ ಸ್ವತಃ ಬರೆಯುವವರು, ತಮ್ಮ ಹೆಸರನ್ನು ತಾವೇ ಅಲಂಕರಿಸಿಕೊಂಡರೆಂದು ಕ್ಷಮಿಸಬಹುದು. ಸೆಕೆಗೆ ಆ ಅವಕಾಶವೂ ಇರಲಿಲ್ಲ.

ಈ ಸಂಸ್ಕಾರದ ತುದಿಯಲ್ಲಿ ಕಾಣುವುದು ‘ಶಾಖ’. ಬಿಸಿಯೆಂಬ ಅರ್ಥದಲ್ಲಿ ಶಾಖವನ್ನು ಕನ್ನಡಿಗರೆಲ್ಲರೂ ನಿಃಶಂಕವಾಗಿ ಸಂಸ್ಕೃತವೆಂದು ಭಾವಿಸುವರು. ಕಾಶಿಯ ವಿದ್ವಾಂಸರೊಬ್ಬರ ಮುಂದೆ ಈ ಶಬ್ದವನ್ನು ಇಟ್ಟರೆ ಅವರಿಗೆ ಹೊಳೆಯುವುದು ಮರದ ಕೊಂಬೆ. ಇಲ್ಲವೆ ವೇದದ ಶಾಖೆ. ಪುರಾಣ ಬಲ್ಲವರಾದರೆ ಸ್ಕಂದನ ಪರಿವಾರದ ಶಾಖನು. ಬಿಸಿಯೆಂಬ ಅರ್ಥವು ಸಂಸ್ಕೃತದ ಯಾವ ಶಾಖಶಬ್ದಕ್ಕೂ ಇಲ್ಲ. ಬಿಸಿಯೊತ್ತಡದ ‘ಶೇಕ’ವೂ ಹವೆಯ ‘ಶಖೆ’ಯೂ ಕೂಡಿ, ಸಂಸ್ಕೃತದ ಉಡುಪನ್ನು ತೊಟ್ಟು ಶಾಖವಾದುವೆಂದು ಹೇಳುವುದೇ ಯುಕ್ತವಾಗಿದೆ. ನೋವಿಗೆ ಶಾಖ ಕೊಡುವುದು ಮನೆಮಾತಾಯಿತು, ವಿಜ್ಞಾನದ ಪಠ್ಯಗಳಲ್ಲಿ ಶಾಖವು ಶಾಸ್ತ್ರಶಬ್ದವೂ ಆಯಿತು. ಅಲ್ಲಿಗೂ ನಿಲ್ಲಲಿಲ್ಲ. ರಾಯಚೂರಿನ ಬಳಿ ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರದ ಮೊದಲನೆಯ ಘಟಕವು 1985ರಲ್ಲಿ ಆರಂಭವಾಯಿತು; ಅದಕ್ಕೆ ಕನ್ನಡದಲ್ಲಿ ರೂಢವಾದ ಹೆಸರು ‘ಶಾಖೋತ್ಪನ್ನ ವಿದ್ಯುತ್ ಸ್ಥಾವರ’. ಗುಣಸಂಧಿಯೇನೋ ನಿರ್ದೋಷವಾಗಿದೆ. ಆದರೆ ಸಂಸ್ಕೃತಮಾತ್ರವನ್ನು ಬಲ್ಲವನು ಆ ಫಲಕವನ್ನೋದಿದರೆ ಕೊಂಬೆಯಿಂದ ಹುಟ್ಟಿದ ವಿದ್ಯುತ್ತೆಂದು ವಿಸ್ಮಯಪಡುವನು. ಕನ್ನಡವನ್ನೂ ಸಂಸ್ಕೃತವನ್ನೂ ಸಮಾಸದಲ್ಲಿ ಬೆರಸಿದರೆ ಅದು ಅರಿಸಮಾಸ. ಬಿರುದಾವಳಿಗಳಲ್ಲಿಯೂ ಪೂರ್ವಕವಿಪ್ರಯೋಗಗಳಲ್ಲಿಯೂ ಹೊರತು ಸಲ್ಲದೆಂದು ಕೇಶಿರಾಜನ ಮತ. ಶಾಖೋತ್ಪನ್ನವು ಅರಿಸಮಾಸವೆಂಬುದು ಯಾರಿಗೂ ಗೋಚರಿಸದಷ್ಟು ಚೆನ್ನಾಗಿ ಸೆಕೆಯು ವೇಷ ಮರೆಸಿಕೊಂಡಿದೆ. ರೂಢಿಯು ಬಲವತ್ತರವಾದುದರಿಂದ ಈಗ ಅದನ್ನು ಕೀಳಲಾಗದು, ಕೀಳಬೇಕಾಗಿಯೂ ಇಲ್ಲ. ಮಗನು ಪೇಟ ಸುತ್ತಿಕೊಂಡು ಸಭೆಯಲ್ಲಿ ಕುಳಿತಿರುವಾಗ ತಾಯಿಯನ್ನು ಹೊಸ್ತಿಲಾಚೆ ನಿಲ್ಲಿಸುವುದು ಮಾತ್ರ ನ್ಯಾಯವಲ್ಲ.

ನ್ಯಾಯದ ಮಾತು ಇಲ್ಲಿ ವ್ಯಾಕರಣಕ್ಕೆ ಮಾತ್ರ ಸಂಬಂಧಿಸಿದುದಲ್ಲ. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯು ಬೇಸಗೆಯಲ್ಲಿ ಜನರಿಗೆ ಮುನ್ನೆಚ್ಚರಿಕೆಗಳನ್ನು ಕೊಡುತ್ತದೆ. ಬಯಲುಪ್ರದೇಶದಲ್ಲಿ ಉಷ್ಣತೆಯು 40 ಡಿಗ್ರಿಗಾದರೂ, ಬೆಟ್ಟಪ್ರದೇಶದಲ್ಲಿ 30 ಡಿಗ್ರಿಗಾದರೂ ಮುಟ್ಟಿದ ಮೇಲೆಯೇ ಅದರ ಗಣನೆ. ಕರಾವಳಿಗೆ ಆ ಮಿತಿಯನ್ನು 37 ಡಿಗ್ರಿಗೆ ಇಳಿಸಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕೆಂದು ಇಟ್ಟಿದ್ದಾರೆ. ಸಮುದ್ರತೀರದಲ್ಲಿ ಕಡಮೆ ಉಷ್ಣತೆಯೇ ಹೆಚ್ಚು ಬಾಧೆಯೆಂಬುದನ್ನು ಅಂಕೆಗಳೂ ಹೀಗೆ ಒಪ್ಪಿಕೊಂಡಿವೆ. ಆ ಎಚ್ಚರಿಕೆಯು ಕನ್ನಡದ ಪತ್ರಿಕೆಗಳಲ್ಲಿ ‘ಬಿಸಿಗಾಳಿ’ ಎಂದೋ ‘ಶಾಖದ ಅಲೆ’ ಎಂದೋ ಅಚ್ಚಾಗಿ ಬರುತ್ತದೆ. ಕಲಬುರ್ಗಿಯ ಮಟ್ಟಿಗೆ ಬಿಸಿಗಾಳಿಯೆಂಬುದು ಸರಿಯಾದ ಮಾತು. ಅಲ್ಲಿ ಬೀಸುವುದು ನಿಜವಾಗಿ ಬಿಸಿಯಾದ ಗಾಳಿಯೇ. 2025ರ ಫೆಬ್ರುವರಿಯ ಕೊನೆಯಲ್ಲಿ, ಇನ್ನೂ ಮಾಘವು ಮುಗಿಯುತ್ತಿರುವಾಗಲೇ, ಕರಾವಳಿಗೂ ಅಂಥ ಎಚ್ಚರಿಕೆಯು ಬಂದಿತು. ಬಿಸಿಗಾಳಿಯೆಂಬ ಶಬ್ದವನ್ನೋದಿದ ಅಲ್ಲಿಯ ಮುದುಕರು ಅಂಗಳಕ್ಕೆ ಬಂದು ನೋಡಿದರೆ ತೆಂಗಿನ ಗರಿಯೂ ಅಲುಗುತ್ತಿರುವುದಿಲ್ಲ. ಗಾಳಿಯೇ ಇಲ್ಲದ ಮೇಲೆ ಬಿಸಿಗಾಳಿಯೆಲ್ಲಿಂದ ಬಂತೆಂದು ಕಾಗದವನ್ನು ಮಡಚಿಡುವುದು ಅವರ ತಪ್ಪೆಂದು ಹೇಳಲಾಗದು. ಗಾಳಿಯಿಲ್ಲದಿರುವುದೇ ಅಲ್ಲಿಯ ಅಪಾಯ. ‘ಅತಿಯಾದ ಸೆಕೆ’ ಎಂದು ಎರಡು ಮಾತು ಅಚ್ಚಾಗಿದ್ದರೆ ಅವರಿಗೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ.

ಅಪಾಯವೆಂಬುದು ಉತ್ಪ್ರೇಕ್ಷೆಯಲ್ಲ. ಉಷ್ಣಮಾಪಕದ ಬುಡಕ್ಕೆ ಒದ್ದೆಯರಿವೆಯನ್ನು ಸುತ್ತಿ ಗಾಳಿಯಲ್ಲಿಟ್ಟರೆ, ನೀರು ಆರುತ್ತ ಅದು ಎಷ್ಟು ತಣಿಯಬಲ್ಲುದೋ ಅಷ್ಟಕ್ಕೆ ಇಳಿದು ನಿಲ್ಲುತ್ತದೆ. ಮನುಷ್ಯನ ಮೈಯು ಬೆವರಿನಿಂದ ತಣಿಯುವುದೂ ಇದೇ ರೀತಿ. ಆ ಒದ್ದೆಯರಿವೆಯ ಮಾಪಕವು 35 ಡಿಗ್ರಿಗೆ ನಿಂತರೆ ಆರೋಗ್ಯವಂತನೂ, ನೆರಳಿನಲ್ಲಿ ಸುಮ್ಮನೆ ಕುಳಿತಿದ್ದರೂ, ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂದು 2010ರಲ್ಲಿ ಪಾಶ್ಚಾತ್ಯ ವಿಜ್ಞಾನಿಗಳು ಗಣಿಸಿ ಹೇಳಿದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ತರುಣರನ್ನೇ ಪರೀಕ್ಷಿಸಿ ನೋಡಿದಾಗ ಹವೆಯು ತೇವವಾಗಿದ್ದರೆ ಮೈಯ ಶಕ್ತಿಯು ಸುಮಾರು 31 ಡಿಗ್ರಿಯಲ್ಲಿಯೇ ಸೋಲುವುದೆಂದು ಕಂಡಿತು. ವೃದ್ಧರ ಮಿತಿಯು ಇನ್ನೂ ಕೆಳಗೆ. ಬಿಸಿಲು ತಗಲದ ಈ ಬಿಸಿಯನ್ನು ಅಳೆಯುವುದಕ್ಕೆ ವಿಜ್ಞಾನಿಗಳು ಒದ್ದೆಯರಿವೆಯನ್ನು ಹುಡುಕಿಕೊಂಡರು, ಮಡಿವಾಳರ ಉಬ್ಬೆಯ ಉಪಮೆಯೂ ಒದ್ದೆಯರಿವೆಯದೇ.

ಸೆಕೆಯನ್ನು ಕುರಿತು ಹಳಬರು ಹೇಳುವ ಮಾತು ಒಂದು ಉಳಿದಿದೆ. ಮೇಷಮಾಸವು ಮುಗಿಯುತ್ತ ಬಂದು, ಭರಣಿಯೋ ಕೃತ್ತಿಕೆಯೋ ನಡೆಯುತ್ತಿರುವಾಗ, ಹಗಲಿಡೀ ಉಸಿರು ಕಟ್ಟಿದಂತಾಗಿ ಬೆವರು ಧಾರೆಯಾಗಿ ಇಳಿದರೆ, ‘ಈ ಸೆಕೆಯನ್ನು ನೋಡಿದರೆ ಸಂಜೆಗೆ ಮಳೆ ಬಂದೀತು’ ಎನ್ನುವರು. ಅಷ್ಟರಲ್ಲಿ ಅಂಗಳದಲ್ಲಿ ಹರಡಿದ ಭತ್ತವನ್ನು ಒಳಗೆ ಸೇರಿಸುವ ಸಡಗರವು ಆರಂಭವಾಗುವುದು. ಬಿಸಿಲನ್ನು ಕಂಡು ಮಳೆಯನ್ನು ಊಹಿಸುವವರಿಲ್ಲ; ಸೆಕೆಯಲ್ಲಿ ನೀರಿದೆಯೆಂಬುದು ಅವರಿಗೆ ಗೊತ್ತಿರುವುದರಿಂದಲೇ ಈ ಊಹೆ. ಕೆಲವೊಮ್ಮೆ ನಾಲ್ಕು ಹನಿ ಬಿದ್ದು ಮಳೆಯು ನಿಂತುಹೋಗುವುದುಂಟು. ಆಗ ಕಾದ ನೆಲದಿಂದ ಆವಿಯೆದ್ದು ಮೊದಲಿಗಿಂತ ಹೆಚ್ಚಾಗಿ ಬೇಯಿಸುವುದು. ಭತ್ತವನ್ನು ಒಳಗೆ ಹೊತ್ತು ತಂದವರು ಜಗಲಿಯ ಮೇಲೆ ಕುಳಿತು ಹಾಳೆಯ ಬೀಸಣಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳುವರು.